ಸರಾಸರಿ ಹಾಜರಾತಿಯಲ್ಲಿ ಮರೆಯಾಗುವ ಮಕ್ಕಳು

ತಿಂಗಳ ಕೊನೆಯ ದಿನ ಹಾಜರಿ ಪುಸ್ತಕ ಕೂಡಿಸಿ, ಗೋಷ್ವಾರೆ ತೆಗೆದು, ಕೆಳಗೆ "ಸರಾಸರಿ ಹಾಜರಾತಿ ಶೇ 88" ಎಂದು ಬರೆದರೆ ಬಹಳಷ್ಟು ಶಾಲೆಗಳಲ್ಲಿ ಹಾಜರಾತಿಯ ಕೆಲಸ ಮುಗಿದ ಹಾಗೆ. ಸಿಆರ್‌ಪಿ (ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಬಂದಾಗ ಕೇಳುವುದು ಆ ಸಂಖ್ಯೆಯನ್ನೇ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆಯಲ್ಲಿ ಓದುವುದೂ ಅದನ್ನೇ. ಮಕ್ಕಳು ಶಾಲೆಯಿಂದ ಜಾರಿಹೋಗುವುದನ್ನು ತಡೆಯಬೇಕು ಅಂದರೆ ಮಾತ್ರ ಈ ಸಂಖ್ಯೆ ಹಿಡಿದುಕೊಂಡು ಏನೂ ಮಾಡಲಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ತರಗತಿಯಲ್ಲಿ 32 ಮಕ್ಕಳು, ತಿಂಗಳಲ್ಲಿ 24 ಶಾಲಾ ದಿನ. ಒಟ್ಟು 768 ಹಾಜರಿ ಆಗಬೇಕು. 26 ಮಕ್ಕಳು ತಲಾ ಒಂದೊಂದು ದಿನ ತಪ್ಪಿಸಿದರು, ಉಳಿದ 6 ಮಕ್ಕಳು ತಲಾ 11 ದಿನ ಬರಲಿಲ್ಲ ಎಂದುಕೊಳ್ಳಿ. ಗೈರು ಒಟ್ಟು 92, ಹಾಜರಿ 676, ಸರಾಸರಿ ಶೇ 88. ನೋಡಲು ಚೆನ್ನಾಗಿಯೇ ಇದೆ. ಆದರೆ ಆ ಆರು ಮಕ್ಕಳ ಹಾಜರಾತಿ ಶೇ 54. ಆ ಆರರಲ್ಲಿ ಒಂದಿಬ್ಬರು ಮುಂದಿನ ವರ್ಷ ಬರುವುದೇ ಇಲ್ಲ. ಸರಾಸರಿಯಲ್ಲಿ ಅವರ ಸುಳಿವೇ ಇಲ್ಲ.

ಹಾಜರಿ ಪುಸ್ತಕವನ್ನು ನಾವು ಮೇಲಿಂದ ಕೆಳಗೆ ಕೂಡಿಸುತ್ತೇವೆ: ಇವತ್ತು ಎಷ್ಟು ಮಕ್ಕಳು ಬಂದರು ಅಂತ. ಮಕ್ಕಳನ್ನು ಉಳಿಸಿಕೊಳ್ಳಬೇಕಾದರೆ ಎಡದಿಂದ ಬಲಕ್ಕೆ ಓದಬೇಕು: ಈ ಮಗು ಎಷ್ಟು ದಿನ ಬಂತು, ಯಾವ್ಯಾವ ದಿನ ಬರಲಿಲ್ಲ ಅಂತ. ಇದಕ್ಕೆ ಯಾವ ಆ್ಯಪೂ ಬೇಡ, ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಗಡೆ ಹೆಸರುಗಳು, ಮೇಲೆ ಜೂನ್‌ನಿಂದ ಮಾರ್ಚ್‌ವರೆಗೆ ತಿಂಗಳುಗಳು. ಪ್ರತಿ ಮನೆಯಲ್ಲಿ (ಚೌಕದಲ್ಲಿ) ಎರಡು ಅಂಕಿ: ಆ ತಿಂಗಳ ಗೈರು ಮತ್ತು ಅಲ್ಲಿಯತನಕದ ಒಟ್ಟು ಗೈರು. ಗೈರಿನ ವಾರಗಳನ್ನೂ ಪಕ್ಕದಲ್ಲಿ ಸಣ್ಣದಾಗಿ ಬರೆಯಿರಿ: ಸೋ, ಮಂ, ಶ.

ಒಂದು ಸಾಲನ್ನೇ ತೆಗೆದುಕೊಳ್ಳೋಣ. ಜೂನ್ 2, ಜುಲೈ 3, ಆಗಸ್ಟ್ 2, ಸೆಪ್ಟೆಂಬರ್ 4. ಒಂದೊಂದೇ ತಿಂಗಳು ನೋಡಿದರೆ ಯಾವುದೂ ಕಣ್ಣಿಗೆ ಹೊಡೆಯುವುದಿಲ್ಲ. ಎರಡು ಮೂರು ದಿನ ಜ್ವರ ಬಂದಿರಬಹುದು, ಊರಿಗೆ ಹೋಗಿರಬಹುದು. ಕೂಡಿಸಿದರೆ 11 ದಿನ. ಅಷ್ಟು ಹೊತ್ತಿಗೆ ಶಾಲೆ ನಡೆದದ್ದು ಸುಮಾರು 96 ದಿನ ಅಂದರೆ ಶೇ 11 ದಾಟಿತು. ಒಟ್ಟು ದಿನಗಳಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿಕೊಂಡ ಮಗುವಿನ ಕಡೆ ವಿಶೇಷ ಗಮನ ಬೇಕು ಎಂಬ ಅಳತೆಯನ್ನು ಅಮೆರಿಕ, ಇಂಗ್ಲೆಂಡಿನ ಶಾಲೆಗಳು ಬಳಸುತ್ತವೆ. ನಮಗೂ ಅದು ಒಪ್ಪುತ್ತದೆ, ಯಾಕೆಂದರೆ ಲೆಕ್ಕ ಸುಲಭ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕು. ಹಾಗಾಗಿ ಚಿಕ್ಕ ಮಕ್ಕಳಿಗೆ 20, ದೊಡ್ಡವರಿಗೆ 22 ಗೈರು ಗಡಿ. ತಿಂಗಳಿಗೆ ಎರಡು ದಿನ ದಾಟುತ್ತಾ ಹೋದರೆ ಮಗು ಆ ಗಡಿಯ ಕಡೆಗೇ ನಡೆಯುತ್ತಿದೆ ಎಂದರ್ಥ. ಮೇಲಿನ ಸಾಲಿನ ಮಗುವನ್ನು ಆಗಸ್ಟ್‌ನಲ್ಲೇ ಗುರುತಿಸಬಹುದಿತ್ತು.

ನಮ್ಮಲ್ಲಿ ಇರುವ ನಿಯಮ ಬೇರೆ ತರಹದ್ದು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ, ಅನುಮತಿಯಿಲ್ಲದೆ ಸತತ 7 ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ಪರಿಗಣಿಸಿ ಕ್ರಮ ಕೈಗೊಳ್ಳಬೇಕು ಎಂದಾಯಿತು. ಅದಕ್ಕೆ ಮೊದಲು 60 ದಿನ ಕಾಯುವ ಪದ್ಧತಿ ಇತ್ತು. ಎರಡು ತಿಂಗಳಾದ ಮೇಲೆ ಹುಡುಕಿದರೆ ಮಗು ಎಲ್ಲಿ ಸಿಕ್ಕೀತು? ಹಾಗಾಗಿ ಏಳು ದಿನದ ನಿಯಮ ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಅದರಲ್ಲಿರುವ "ಸತತ" ಎಂಬ ಮಾತನ್ನು ಮರೆಯಬೇಡಿ. ಐದು ದಿನ ತಪ್ಪಿಸಿ, ಆರನೇ ದಿನ ಬಂದು, ಮತ್ತೆ ನಾಲ್ಕು ದಿನ ಕಾಣದ ಮಗು ಈ ನಿಯಮಕ್ಕೆ ಸಿಗುವುದೇ ಇಲ್ಲ. ವಾರವಾರವೂ ಸಂತೆಯ ದಿನ ಮಾತ್ರ ತಪ್ಪಿಸುವ ಮಗು ಆರು ದಿನದ ವಾರದಲ್ಲಿ ಒಂದು ದಿನ ಕಳೆದುಕೊಳ್ಳುತ್ತದೆ, ವರ್ಷಕ್ಕೆ 36ರ ಆಸುಪಾಸು. ಒಮ್ಮೆಯೂ ಸತತ ಎರಡು ದಿನ ಗೈರಾಗಿರುವುದಿಲ್ಲ.

ಎಸ್‌ಎಸ್‌ಎಲ್‌ಸಿಗೆ ಬೇಕಾದ ಶೇ 75 ಕೂಡ ಹಾಗೆಯೇ ಹಾದಿ ತಪ್ಪಿಸುತ್ತದೆ. 220 ದಿನಕ್ಕೆ ಲೆಕ್ಕ ಹಾಕಿದರೆ 165 ದಿನ ಬಂದರೆ ಸಾಕು, 55 ದಿನ ಬಾರದೆಯೂ ಪರೀಕ್ಷೆಗೆ ಕೂರಬಹುದು. 55 ದಿನ ಅಂದರೆ ಒಂಬತ್ತು ವಾರದ ಪಾಠ. ಗಣಿತದ ಮೇಷ್ಟ್ರು ಒಂಬತ್ತು ವಾರದಲ್ಲಿ ಎಷ್ಟು ಅಧ್ಯಾಯ ಮುಗಿಸುತ್ತಾರೆ ಎಂದು ಯೋಚಿಸಿದರೆ ಈ ಶೇ 75 ಎಷ್ಟು ಕೆಳಗಿದೆ ಎಂದು ತಿಳಿಯುತ್ತದೆ. ಅದು ಪರೀಕ್ಷೆಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಗೆರೆ ಅಷ್ಟೇ. ಅದನ್ನು ಗುರಿ ಎಂದುಕೊಂಡ ಹೈಸ್ಕೂಲುಗಳು ಜನವರಿಯಲ್ಲಿ ಎಚ್ಚೆತ್ತು ಪೋಷಕರಿಗೆ ನೋಟಿಸ್ ಕಳಿಸುತ್ತವೆ. ಆಗ ಮಾಡಲು ಏನೂ ಉಳಿದಿರುವುದಿಲ್ಲ.

ಇನ್ನು ಹಾಜರಿ ಹಾಕುವ ಕೆಲಸ. ಬೆಳಗ್ಗೆ ಒಂದು, ಊಟದ ನಂತರ ಒಂದು, ದಿನಕ್ಕೆ ಎರಡು ಸಲ. ಮಧ್ಯಾಹ್ನದ ಹಾಜರಿಯನ್ನು ಎಷ್ಟೋ ಕಡೆ ಬೆಳಗಿನದನ್ನೇ ನೋಡಿ ಹಾಕಿಬಿಡುತ್ತಾರೆ. ಊಟ ಮಾಡಿ ದನ ಮೇಯಿಸಲು, ಅಂಗಡಿಯಲ್ಲಿ ಕೂರಲು, ತಮ್ಮನನ್ನು ನೋಡಿಕೊಳ್ಳಲು ಹೋಗುವ ಮಕ್ಕಳು ಕಣ್ಣು ತಪ್ಪುವುದು ಅಲ್ಲೇ. ಇನ್ನೊಂದು ರೂಢಿ, ಬಾರದ ಮಗುವಿನ ಮುಂದೆ ಪೆನ್ಸಿಲ್ ಚುಕ್ಕೆ ಇಟ್ಟು ಮನೆ ಖಾಲಿ ಬಿಡುವುದು, ತಡವಾಗಿ ಬಂದರೆ ತುಂಬೋಣ ಅಂತ. ಶನಿವಾರದ ಹೊತ್ತಿಗೆ ಆ ಖಾಲಿ ಮನೆಗಳಲ್ಲಿ ಯಾವುದು ಗೈರು, ಯಾವುದು ಮರೆತದ್ದು ಎಂದು ಯಾರಿಗೂ ನೆನಪಿರುವುದಿಲ್ಲ. ತಡವಾಗಿ ಬಂದವರಿಗೆ ಬೇರೆ ಗುರುತು ಇಟ್ಟುಕೊಳ್ಳಿ, ಮನೆ ಮಾತ್ರ ಖಾಲಿ ಬಿಡಬೇಡಿ. ದಿನವೂ ತಡವಾಗಿ ಬರುವ ಮಗುವಿನ ಮನೆಯಲ್ಲೂ ಏನೋ ನಡೆಯುತ್ತಿರುತ್ತದೆ, ಆ ಗುರುತೂ ಮುಂದೆ ಉಪಯೋಗಕ್ಕೆ ಬರುತ್ತದೆ.

ಬಾರದ ಮಗುವಿಗೆ ಹಾಜರಿ ಹಾಕುವುದು ಇದಕ್ಕಿಂತ ಗಂಭೀರವಾದದ್ದು. ಇದನ್ನು ಶಿಕ್ಷಕರ ಅಪ್ರಾಮಾಣಿಕತೆ ಎಂದು ತೀರ್ಪು ಕೊಟ್ಟು ಸುಮ್ಮನಾಗುವವರು ಕಾರಣವನ್ನು ನೋಡುವುದಿಲ್ಲ. ಶಾಲೆಗೆ ಎಷ್ಟು ಹುದ್ದೆ ಎಂಬುದು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಸಂಖ್ಯೆ ಇಳಿದರೆ ಒಬ್ಬರು "ಹೆಚ್ಚುವರಿ" ಆಗಿ ಬೇರೆ ಶಾಲೆಗೆ ಹೋಗಬೇಕು, ಉಳಿದವರು ಎರಡೆರಡು ತರಗತಿ ಹೊರಬೇಕು. ಹಾಜರಾತಿ ಕಡಿಮೆ ತೋರಿಸಿದ ಶಾಲೆಗೆ ಸಹಾಯ ಬರುವ ಬದಲು ಕಾರಣ ಕೇಳಿ ಪತ್ರ ಬರುತ್ತದೆ. ನಿಜ ಬರೆದವರಿಗೆ ಶಿಕ್ಷೆ, ತುಂಬಿಸಿದವರಿಗೆ ಶಾಂತಿ ಎಂದಾದರೆ ಪುಸ್ತಕ ತುಂಬುತ್ತದೆ, ತರಗತಿ ತುಂಬುವುದಿಲ್ಲ. ಮೇಲಿನವರು ಕೇಳುವ ಪ್ರಶ್ನೆ ಬದಲಾಗದೆ ಇದು ನಿಲ್ಲುವುದಿಲ್ಲ. "ನಿಮ್ಮ ಹಾಜರಾತಿ ಯಾಕೆ ಕಡಿಮೆ?" ಎನ್ನುವುದನ್ನು ಬಿಟ್ಟು "ಈ ಆರು ಮಕ್ಕಳ ವಿಷಯದಲ್ಲಿ ಏನು ಮಾಡಿದಿರಿ, ನನ್ನಿಂದ ಏನು ಆಗಬೇಕು?" ಎಂದು ಸಿಆರ್‌ಪಿ ಕೇಳುವ ಕ್ಲಸ್ಟರುಗಳಲ್ಲಿ ಪುಸ್ತಕ ಹೆಚ್ಚು ನಿಜ ಹೇಳುತ್ತದೆ.

ಮುಖ್ಯ ಶಿಕ್ಷಕರಿಗೆ ತಾಳೆ ನೋಡಲು ಸುಲಭವಾದ ದಾರಿ ಇದೆ. ಕ್ಷೀರಭಾಗ್ಯದ ಹಾಲು ಕುಡಿದವರ ಸಂಖ್ಯೆ, ಬಿಸಿಯೂಟಕ್ಕೆ ಕೂತವರ ಸಂಖ್ಯೆ, ತರಗತಿಯ ಹಾಜರಿ, ಸ್ಯಾಟ್ಸ್‌ನಲ್ಲಿ (ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ನಮೂದಿಸಿದ ಸಂಖ್ಯೆ, ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ನಾಲ್ಕೂ ಪೂರ್ತಿ ಹೊಂದಬೇಕಿಲ್ಲ. ಹಾಲು ಒಲ್ಲದ ಮಕ್ಕಳಿರುತ್ತಾರೆ, ಮನೆಯಿಂದ ಬುತ್ತಿ ತರುವವರಿರುತ್ತಾರೆ. ಆದರೆ ಎರಡು ಮೂರರ ವ್ಯತ್ಯಾಸ ದಿನಾ ಇದ್ದರೆ ಅದು ಸಹಜ, ಒಂದು ದಿನ ಇದ್ದಕ್ಕಿದ್ದಂತೆ ಹನ್ನೆರಡು ಆದರೆ ತರಗತಿಗೆ ಹೋಗಿ ತಲೆ ಎಣಿಸಬೇಕು. ಅಡುಗೆಯವರಿಗೆ ನಿಜವಾದ ಸಂಖ್ಯೆ ಗೊತ್ತಿರುತ್ತದೆ. ಪ್ರಾಥಮಿಕ ಮಗುವಿಗೆ 100 ಗ್ರಾಂ, 6ರಿಂದ 8ನೇ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯದ ಲೆಕ್ಕದಲ್ಲಿ ಅಳೆದು ಬೇಯಿಸುವವರು ಅವರೇ.

ಹಾಜರಾತಿಯ ಮೇಲೆ ಊಟ ಮಾಡಿದ ಪರಿಣಾಮ ದೊಡ್ಡದು. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಶುರುವಾಯಿತು, 2013ರ ಆಗಸ್ಟ್‌ನಲ್ಲಿ ಹಾಲು ಬಂತು, ಈಗ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಹಸಿವಿನಿಂದ ಮನೆಯಲ್ಲಿ ಉಳಿಯುತ್ತಿದ್ದ ಮಗುವನ್ನು ಇವು ಶಾಲೆಗೆ ತಂದವು. ಈಗ ಉಳಿದಿರುವ ಗೈರಿಗೆ ಕಾರಣಗಳು ಬೇರೆ, ಒಂದೊಂದು ಮಗುವಿಗೂ ಒಂದೊಂದು. ನೋಟ್‌ಬುಕ್ಕಿನ ಸಾಲುಗಳನ್ನು ಓದಲು ಕಲಿತರೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ.

ವಾರದ ಒಂದೇ ದಿನ ಗೈರು ಅಂದರೆ ಸಂತೆ, ಇಲ್ಲವೇ ಅಮ್ಮನ ಸಂಘದ ಸಭೆ, ಇಲ್ಲವೇ ಮಗುವಿಗೆ ಹೆದರಿಕೆ ಹುಟ್ಟಿಸುವ ಒಂದು ಪೀರಿಯಡ್. ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಮಾಯವಾದರೆ ಮನೆಯೇ ಎಲ್ಲೋ ಹೋಗಿದೆ. ತಂಗಿ ಬಂದು ಅಕ್ಕ ಮಾತ್ರ ಬಂದಿಲ್ಲವೆಂದರೆ ಮನೆಯಲ್ಲಿ ಕೂಸು ಇದೆ, ಅಂಗನವಾಡಿ ತೆರೆದಿದೆಯೇ ಎಂದು ಮೊದಲು ವಿಚಾರಿಸಿ. 6, 7ನೇ ತರಗತಿಯಲ್ಲಿ ಒಬ್ಬ ಹುಡುಗಿ ಪ್ರತಿ ತಿಂಗಳೂ ಮೂರು ನಾಲ್ಕು ದಿನ ತಪ್ಪಿಸುತ್ತಿದ್ದರೆ ಶೌಚಾಲಯದ ಕಡೆ ನಡೆಯಿರಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ. ಶುಚಿ ಯೋಜನೆಯ ಪ್ಯಾಡು ಮುಖ್ಯ ಶಿಕ್ಷಕರ ಬೀರುವಿನಲ್ಲಿದ್ದು, ಅದನ್ನು ಗಂಡು ಮೇಷ್ಟ್ರ ಹತ್ತಿರ ಕೇಳಬೇಕಾಗಿದ್ದರೆ ಯಾವ ಹುಡುಗಿಯೂ ಕೇಳುವುದಿಲ್ಲ. ದೊಡ್ಡ ಹುಡುಗಿಯೊಬ್ಬಳ ಕೈಗೆ ಅದನ್ನು ಒಪ್ಪಿಸಿ.

ನಾಲ್ಕನೇ ತರಗತಿಗೆ ಬಂದರೂ ಓದಲು ಬಾರದ ಮಗುವಿನ ಗೈರು ಹೀಗೆ ಯಾವ ವಾರಕ್ಕೂ ಹೊಂದುವುದಿಲ್ಲ, ಅಲ್ಲೊಂದು ಇಲ್ಲೊಂದು ಚದುರಿರುತ್ತದೆ. ಮೊದಲು ಹೊಟ್ಟೆನೋವು, ಆಮೇಲೆ ಊರಹಬ್ಬ, ಆಮೇಲೆ ಕಾರಣವೂ ಇಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಅರ್ಥವಾಗದ್ದನ್ನು ಕೇಳಿಕೊಂಡು ಕೂರುವುದು ಯಾರಿಗೆ ಬೇಕು? ಈ ಮಗುವಿನ ಹಾಜರಾತಿಗೆ ಔಷಧ ದಿನಕ್ಕೆ ಅರ್ಧ ಗಂಟೆ ಅದರ ಮಟ್ಟದ ಓದು. ಮನೆಗೆ ಹೋಗಿ ಎಷ್ಟು ಸಲ ಕರೆತಂದರೂ ಅದು ಸಿಗದಿದ್ದರೆ ಮತ್ತೆ ತಪ್ಪಿಸುತ್ತದೆ. ನನ್ನ ಮಟ್ಟಿಗೆ ಹಾಜರಾತಿಯ ಚರ್ಚೆಗಳಲ್ಲಿ ಅತಿ ಕಡಿಮೆ ಮಾತಾಡುವ, ಅತಿ ಹೆಚ್ಚು ಮಕ್ಕಳನ್ನು ಕಳೆದುಕೊಳ್ಳುವ ಕಾರಣ ಇದೇ. ಇದರ ಜೊತೆಗೆ ಶಿಕ್ಷಕರ ಗೈರನ್ನೂ ಸೇರಿಸಿ: ಏಕೋಪಾಧ್ಯಾಯ ಶಾಲೆಯ ಮೇಷ್ಟ್ರನ್ನು ಮತದಾರರ ಪಟ್ಟಿ, ಸಮೀಕ್ಷೆ ಎಂದು ಕರೆಸಿಕೊಂಡರೆ ಮಕ್ಕಳು ಬಂದು ಮಾಡುವುದೇನು?

ಗೈರಾದ ಮೊದಲ ದಿನ ಏನು ಮಾಡಬೇಕು? ಪಕ್ಕದ ಮನೆಯ ಮಗುವನ್ನು ಕೇಳಿ. ಎರಡನೇ ದಿನ ಫೋನ್. ಹನ್ನೊಂದು ಗಂಟೆಗೆ ಮಾಡಿದರೆ ಅಪ್ಪ ಹೊಲದಲ್ಲೋ ಗಾರೆ ಕೆಲಸದಲ್ಲೋ ಇರುತ್ತಾನೆ, ಎತ್ತುವುದಿಲ್ಲ. ಬೆಳಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಏಳರ ಮೇಲೆ ಮಾಡಿ. ದಾಖಲಾತಿಯ ದಿನ ಬರೆದುಕೊಂಡ ನಂಬರು ಡಿಸೆಂಬರ್ ಹೊತ್ತಿಗೆ ಸತ್ತಿರುತ್ತದೆ, ರೀಚಾರ್ಜ್ ಮುಗಿದು ಸಿಮ್ ಬದಲಾಗಿರುತ್ತದೆ. ಆದ್ದರಿಂದ ಪ್ರತಿ ಮಗುವಿಗೆ ಮೂರು ನಂಬರು ಬೇಕು: ಅಪ್ಪನದು, ಅಮ್ಮ ಅಥವಾ ಅಜ್ಜಿಯದು, ಪಕ್ಕದ ಮನೆಯದು. ಜೂನ್, ಅಕ್ಟೋಬರ್, ಜನವರಿಯಲ್ಲಿ ಒಂದೊಂದು ಸಲ ಪರಿಶೀಲಿಸಿ. ಬರೆದ ಸಂದೇಶಕ್ಕಿಂತ ವಾಟ್ಸ್‌ಆ್ಯಪಿನ ಧ್ವನಿ ಸಂದೇಶ ಮೇಲು. ಓದಲು ಬಾರದ ಅಜ್ಜಿಯೂ ಅದನ್ನು ಕೇಳಿಸಿಕೊಳ್ಳುತ್ತಾಳೆ.

ಫೋನಿನಲ್ಲಿ ಮೊದಲ ಮಾತು ಹೇಗಿರಬೇಕು ಎಂಬುದು ಸಣ್ಣ ಸಂಗತಿಯಲ್ಲ. "ಮಗಳನ್ನ ಯಾಕ ಕಳಿಸಿಲ್ಲ?" ಎಂದರೆ ಆ ಕಡೆಯಿಂದ "ಆರಾಮ ಇಲ್ರಿ" ಎಂಬ ಒಂದೇ ಉತ್ತರ ಬರುತ್ತದೆ, ಮಾತು ಮುಗಿಯಿತು. "ಯಕ್ಕಾ, ಎರಡ ದಿನ ಆತು ರೇಣುಕಾ ಕಾಣಲಿಲ್ಲ. ಆರಾಮ ಅದಾಳಿಲ್ಲ? ಪಾಠ ಮುಂದ ಹೋಗೇತಿ, ಆಕೀ ಗೆಳತ್ಯಾರು ಕೇಳಾಕತ್ತಾರ" ಎಂದರೆ ಎದುರಿನವರು ನಿಜ ಹೇಳಲು ಜಾಗ ಸಿಗುತ್ತದೆ: "ಏನ್ ಮಾಡೋದ್ರಿ ಟೀಚರ್, ಹತ್ತಿ ಬಿಡಸಾಕ ಮಂದಿ ಇಲ್ಲ, ನಾಕ ದಿನ ಅಷ್ಟ." ಈಗ ಕಾರಣ ಗೊತ್ತಾಯಿತು, ದಿನವೂ ಗೊತ್ತಾಯಿತು. ನಾಲ್ಕು ದಿನ ಎಂದದ್ದನ್ನು ಎರಡಕ್ಕೆ ಇಳಿಸಲು ಮಾತಾಡಬಹುದು, ಐದನೇ ದಿನ ಮತ್ತೆ ಕರೆ ಮಾಡಬಹುದು.

ಮೂರನೇ ದಿನವೂ ಬಾರದಿದ್ದರೆ ಮನೆಗೆ ಹೋಗಬೇಕು. ಒಬ್ಬರೇ ಹೋಗಬೇಡಿ, ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾ ಅಭಿವೃದ್ಧಿ ಸಮಿತಿಯಲ್ಲಿ, ಇರುವ ಅದೇ ಓಣಿಯ ತಾಯಿಯೊಬ್ಬರನ್ನು ಕರೆದುಕೊಂಡು ಹೋಗಿ. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳಿರುವುದು ಧ್ವಜಾರೋಹಣದ ದಿನ ಕುರ್ಚಿ ತುಂಬಿಸಲಿಕ್ಕಲ್ಲ, ಇಂಥ ಕೆಲಸಕ್ಕೆ. ಬೀದಿಯಲ್ಲಿ ನಿಂತು ನಾಲ್ಕು ಜನ ಕೇಳುವಂತೆ ಮಾತಾಡಬೇಡಿ, ಒಳಗೆ ಕೂತು ಮಾತಾಡಿ. ಐದನೇ ದಿನಕ್ಕೆ ಮುಖ್ಯ ಶಿಕ್ಷಕರು ಸಿಆರ್‌ಪಿಗೆ ಬರವಣಿಗೆಯಲ್ಲಿ ತಿಳಿಸಲಿ, ಏಳಕ್ಕೆ ಹಾಜರಾತಿ ಅಧಿಕಾರಿಗೆ ವರದಿ ಹೋಗಲಿ. ಗ್ರಾಮ ಪಂಚಾಯಿತಿಗೂ ತಿಳಿಸಿ. ತನ್ನ ವ್ಯಾಪ್ತಿಯ ಮಕ್ಕಳ ದಾಖಲಾತಿ, ಹಾಜರಾತಿ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದು ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಇದೆ. ಬಾಲ್ಯವಿವಾಹದ ಅಥವಾ ದುಡಿಮೆಗೆ ಹಚ್ಚಿದ ಅನುಮಾನ ಬಂದರೆ ಏಳು ದಿನ ಕಾಯಬೇಡಿ, ಅದೇ ದಿನ 1098ಕ್ಕೆ ಕರೆ ಮಾಡಿ.

ಮಗು ಮರಳಿ ಬಂದ ದಿನವೇ ಎಲ್ಲಕ್ಕಿಂತ ನಾಜೂಕಾದದ್ದು. "ಏನಪ್ಪಾ, ದಾರಿ ತಪ್ಪಿ ಬಂದ್ಯಾ?" ಎಂದು ಎಲ್ಲರ ಮುಂದೆ ಕೇಳುವುದು, ರಜಾಚೀಟಿ ತರದೆ ಕೂರಿಸಲ್ಲ ಎಂದು ಬಾಗಿಲಲ್ಲಿ ನಿಲ್ಲಿಸುವುದು, ಬಿಟ್ಟ ದಿನಗಳ ಎಲ್ಲ ಬರವಣಿಗೆಯನ್ನೂ ನಾಳೆಗೆ ಮುಗಿಸು ಎನ್ನುವುದು, ಇವು ಮೂರೂ ಮಗುವನ್ನು ಮರುದಿನವೇ ಹೊರಗೆ ಹಾಕುತ್ತವೆ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಕಾಯ್ದೆಯನ್ನು ಬದಿಗಿಟ್ಟರೂ ಹೊಡೆತ ತಿಂದ ಮಗು ಮತ್ತೆ ಬರುವುದಿಲ್ಲ ಎಂಬುದು ಕಣ್ಣೆದುರಿನ ಸತ್ಯ. ಮಾಡಬೇಕಾದದ್ದು ಇಷ್ಟು: ಹೆಸರು ಹಿಡಿದು ಕರೆದು ಕೂರಿಸಿ, ಪಕ್ಕದಲ್ಲಿ ಒಬ್ಬ ಜೊತೆಗಾರನನ್ನು ಕೊಡಿ, ತಪ್ಪಿದ ಪಾಠದಲ್ಲಿ ಮುಂದಿನದಕ್ಕೆ ಬೇಕೇ ಬೇಕಾದದ್ದನ್ನು ಮಾತ್ರ ಹೇಳಿಕೊಡಿ. ಕಾರಣವನ್ನು ಊಟದ ಬಿಡುವಿನಲ್ಲಿ ಒಬ್ಬೊಬ್ಬರೇ ಇರುವಾಗ ಕೇಳಿ.

ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿಯನ್ನು ಕೈಬಿಡುವುದು ಒಳ್ಳೆಯದು. ಜ್ವರ ಬಂದ ಮಗುವೂ ಬಂದು ಕೂತು ತರಗತಿಗೆಲ್ಲ ಹಂಚುತ್ತದೆ. ಜೂನ್‌ನಲ್ಲೇ ಒಂದು ದಿನ ತಪ್ಪಿಸಿದ ಮಗುವಿಗೆ ಮಾರ್ಚ್‌ವರೆಗೆ ಅದರಿಂದ ಯಾವ ಪ್ರೇರಣೆಯೂ ಇಲ್ಲ. ಕಳೆದ ತಿಂಗಳಿಗಿಂತ ಈ ತಿಂಗಳು ಹೆಚ್ಚು ದಿನ ಬಂದವರ ಹೆಸರನ್ನು ಪ್ರಾರ್ಥನೆಯ ವೇಳೆ ಓದಿ. ಬಹುಮಾನವಿಲ್ಲದಿದ್ದರೂ ಕೆಲಸ ಮಾಡುತ್ತದೆ.

ವಲಸೆಯ ಸಂಗತಿಗೆ ಬೇರೆಯದೇ ತಯಾರಿ ಬೇಕು. ಯಾದಗಿರಿ, ರಾಯಚೂರು ಕಡೆ ಹತ್ತಿ ಬಿಡಿಸುವ ಕಾಲ, ಬೆಳಗಾವಿ, ಬಾಗಲಕೋಟೆಯಲ್ಲಿ ಕಬ್ಬಿನ ಹಂಗಾಮು, ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು, ಬೆಂಗಳೂರು, ಗೋವಾ, ಪುಣೆಗೆ ಕಟ್ಟಡ ಕೆಲಸ. ಇವು ಯಾವುವೂ ಇದ್ದಕ್ಕಿದ್ದಂತೆ ಬರುವುದಿಲ್ಲ, ಪ್ರತಿ ವರ್ಷ ಅದೇ ಕಾಲಕ್ಕೆ ಬರುತ್ತವೆ. ದಸರಾ ರಜೆಗೆ ಮೊದಲೇ, ಸೆಪ್ಟೆಂಬರ್‌ನಲ್ಲಿ, ಯಾವ ಮನೆಯವರು ಹೋಗುತ್ತಾರೆ, ಎಲ್ಲಿಗೆ, ಯಾವಾಗ ಮರಳುತ್ತಾರೆ, ಊರಲ್ಲಿ ಯಾರು ಉಳಿಯುತ್ತಾರೆ ಎಂದು ಪಟ್ಟಿ ಮಾಡಿ. ಅಜ್ಜಿ ಉಳಿಯುವುದಾದರೆ ಮಗುವನ್ನು ಅವರ ಬಳಿ ಬಿಡಲು ಒಪ್ಪಿಸಿ, ಒಂದು ಹೊತ್ತಿನ ಊಟ ಶಾಲೆಯಲ್ಲಿದೆ ಎಂಬುದು ಅಲ್ಲಿ ದೊಡ್ಡ ಮಾತು. ಯಾರೂ ಇಲ್ಲದಿದ್ದರೆ ಋತುಮಾನದ ವಸತಿ ಕೇಂದ್ರ ಅಥವಾ ಹಾಸ್ಟೆಲ್ ಬಗ್ಗೆ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಅದೂ ಆಗದಿದ್ದರೆ ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ನಂಬರು, ಮುಖ್ಯ ಶಿಕ್ಷಕರ ಫೋನ್ ಇರುವ ಪತ್ರವೊಂದನ್ನು ಬರೆದು ಅಮ್ಮನ ಕೈಗೆ ಕೊಡಿ. ಹೋದ ಊರಿನ ಶಾಲೆ ಟಿಸಿ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ, ಆದರೆ ಕೈಯಲ್ಲಿ ಕಾಗದವಿದ್ದರೆ ಆ ತಾಯಿ ಗೇಟಿನ ಒಳಗೆ ಹೋಗುವ ಧೈರ್ಯ ಮಾಡುತ್ತಾಳೆ.

ಮುಖ ಗುರುತಿಸಿ ಹಾಜರಿ ಹಾಕುವ ಮೊಬೈಲ್ ವ್ಯವಸ್ಥೆಯ ಮಾತು ಈಗ ಜೋರಾಗಿದೆ. ಸುಳ್ಳು ಹಾಜರಿ ಅದರಿಂದ ಕಡಿಮೆಯಾಗಬಹುದು. ಆದರೆ ಮಕ್ಕಳ ಮುಖದ ಚಿತ್ರಗಳನ್ನು ಎಲ್ಲಿ, ಎಷ್ಟು ಕಾಲ ಇಡುತ್ತಾರೆ ಎಂಬ ಪ್ರಶ್ನೆಗೆ ಪೋಷಕರಿಗೆ ಮೊದಲು ಉತ್ತರ ಸಿಗಬೇಕು. ಇನ್ನೊಂದು, ಯಾರು ಬಂದಿಲ್ಲ ಎಂಬುದು ಹಾಜರಿ ಕೂಗಿದ ಟೀಚರಿಗೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಯಾಕೆ ಬಂದಿಲ್ಲ ಎಂದು ಯಾವ ಕ್ಯಾಮೆರಾವೂ ಹೇಳುವುದಿಲ್ಲ.

ಕೊನೆಯದಾಗಿ, ಏಳನೇ ತರಗತಿ ಮುಗಿದು ಎಂಟಕ್ಕೆ ಹೋಗುವ ಹೊತ್ತು. ಊರಿನ ಹಿರಿಯ ಪ್ರಾಥಮಿಕ ಶಾಲೆ ಅಲ್ಲಿಗೆ ಮುಗಿದರೆ ಹೈಸ್ಕೂಲು ನಾಲ್ಕೈದು ಕಿಲೋಮೀಟರ್ ಆಚೆ ಇರುತ್ತದೆ. 2006-07ರಲ್ಲಿ ಆರಂಭವಾದ ಸೈಕಲ್ ಯೋಜನೆ ಕೊರೊನಾ ಕಾಲದಲ್ಲಿ ನಿಂತಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಆದರೆ ಬಸ್ಸು ಶಾಲೆಯ ಸಮಯಕ್ಕೆ ಬರಬೇಕು. ಟಿಸಿ ಕೊಟ್ಟ ದಿನ ಹಳೆಯ ಶಾಲೆಯ ಜವಾಬ್ದಾರಿ ಮುಗಿಯಿತು, ಹೊಸ ಶಾಲೆಯ ಪುಸ್ತಕದಲ್ಲಿ ಹೆಸರು ಇನ್ನೂ ಬಂದಿಲ್ಲ. ಈ ನಡುವೆ ಕಳೆದುಹೋದ ಮಗು ಎರಡೂ ಹಾಜರಿ ಪುಸ್ತಕಗಳಲ್ಲಿ ಇರುವುದಿಲ್ಲ, ಹಾಗಾಗಿ ಗೈರು ಎಂದೂ ಯಾರೂ ಬರೆಯುವುದಿಲ್ಲ. ಎಷ್ಟು ಟಿಸಿ ಕೊಟ್ಟೆವು ಎಂದು ಎಣಿಸಿ, ಆ ಪಟ್ಟಿಯನ್ನು ಜೂನ್ ಎರಡನೇ ವಾರದಲ್ಲಿ ಹೈಸ್ಕೂಲಿನ ಮುಖ್ಯ ಶಿಕ್ಷಕರಿಗೆ ಕಳಿಸಿ. ತಿಂಗಳ ಕೊನೆಗೆ ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿನ ನಂಬರು ಹಾಕಿ ಯಾವ ಶಾಲೆಗೆ ಸೇರಿದೆ ಎಂದು ನೋಡಿ. ಇಪ್ಪತ್ತು ಟಿಸಿಗೆ ಹದಿನೇಳು ಹೆಸರು ಸಿಕ್ಕರೆ, ಉಳಿದ ಮೂರು ಮನೆಗಳಿಗೆ ಜುಲೈ ಮೊದಲ ವಾರದೊಳಗೆ ಹೋಗಬೇಕು.